ಕೇಕ್ ಮಿಕ್ಸ್ ಪ್ಯಾಕೆಟ್‌ನಿಂದ ಕುಕೀ ಮಾಡಬಹುದಾ? ಸುಲಭದ ದಾರಿ ಇದೆಯಾ?

ಧಾರಾಳವಾಗಿ ಮಾಡಬಹುದು. ಮೈದಾ, ಸಕ್ಕರೆ, ಬೇಕಿಂಗ್ ಪೌಡರ್ ಎಲ್ಲ ಪ್ಯಾಕೆಟ್‌ನಲ್ಲೇ ಇರುತ್ತದಲ್ವಾ? ಕೇಕ್ ಹಿಟ್ಟಿಗೆ ನೀರು ಜಾಸ್ತಿ, ಕುಕೀಗೆ ಬಹಳ ಕಡಿಮೆ. ಹಾಗಾಗಿ ಪ್ಯಾಕೆಟ್ ಹಿಂದೆ ಬರೆದ ಹಾಲು, ನೀರಿನ ಲೆಕ್ಕ ಮರೆತುಬಿಡಿ. 250 ಗ್ರಾಂ ಪುಡಿಗೆ ಒಂದು ಮೊಟ್ಟೆ, 60 ಮಿ.ಲೀ. ಎಣ್ಣೆ ಸಾಕು. ತೆಂಗಿನೆಣ್ಣೆ ಹಾಕಿದರೆ ಅದರ ಪರಿಮಳವೇ ಮುಂದೆ ಬರುತ್ತದೆ. ನನಗಂತೂ ಇಷ್ಟ.

ಹಿಟ್ಟು ಚಪಾತಿ ಹಿಟ್ಟಿಗಿಂತ ಮೆತ್ತಗೆ, ಕೈಗೆ ಸ್ವಲ್ಪ ಅಂಟುವ ಹಾಗಿರಬೇಕು. ನಮ್ಮ ಕಾರವಾರದ ಸೆಕೆಗೆ ಅದು ಬೇಗ ಸಡಿಲವಾಗುತ್ತದೆ, ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಮೊದಲ ಸಲ ನಾನು ಹಾಗೆ ಇಡದೆ ಬೇಯಿಸಿದ್ದೆ. ಹನ್ನೆರಡು ಉಂಡೆ ಸೇರಿ ಟ್ರೇ ತುಂಬ ಒಂದೇ ದೋಸೆ!

ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ, ಮೂರು ಬೆರಳು ಅಂತರ ಬಿಟ್ಟು ಜೋಡಿಸಿ. ಮೊದಲೇ ಬಿಸಿ ಮಾಡಿದ ಓವನ್‌ನಲ್ಲಿ 175 ಡಿಗ್ರಿಗೆ ಸುಮಾರು 10 ನಿಮಿಷ. ಅಂಚು ಗಟ್ಟಿಯಾಗಿ, ನಡು ಇನ್ನೂ ಮೆತ್ತಗಿರುವಾಗಲೇ ತೆಗೆಯಿರಿ. ಬೆಂದಿಲ್ಲ ಅನ್ನಿಸುತ್ತದೆ, ಆದರೆ ಟ್ರೇಯಲ್ಲೇ ಐದು ನಿಮಿಷ ಸುಮ್ನೆ ಬಿಟ್ಟರೆ ತಾನಾಗಿಯೇ ಬಿಗಿಯುತ್ತದೆ.

ಮೊಟ್ಟೆ ಬೇಡವಾದರೆ ಮೂರು ಚಮಚ ಗಟ್ಟಿ ಮೊಸರು ಹಾಕಿ. ಶಿರಸಿಯ ನನ್ನ ಅತ್ತಿಗೆ ಮಾಡುವುದು ಹೀಗೇ. ಸ್ವಲ್ಪ ಕೇಕಿನ ಹಾಗೆ ಉಬ್ಬುತ್ತದೆ, ರುಚಿಗೇನೂ ಮೋಸವಿಲ್ಲ. ವೆನಿಲಾ ಮಿಕ್ಸ್ ಆದರೆ ಆಗ ಕುಟ್ಟಿದ ಏಲಕ್ಕಿ, ಗೋಡಂಬಿ ಚೂರು ಸೇರಿಸುತ್ತಾರೆ.

ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ಹಾಕಿ. ಮಳೆಗಾಲದಲ್ಲಂತೂ ಮುಚ್ಚಳ ಬಿಗಿಯಾಗಿರಲಿ, ಒಂದು ರಾತ್ರಿ ಹೊರಗಿಟ್ಟರೆ ಬೆಳಿಗ್ಗೆ ಮೆತ್ತಗಾಗಿರುತ್ತವೆ.