ಟೊಮೆಟೊ ಕ್ರೇಟಿನ ಮೇಲೆ ಬೈಕ್ ನಿಲ್ಲಿಸಬಹುದೇ?

ಪ್ರಶ್ನೆ: ನನ್ನದು ಪಲ್ಸರ್ ಎನ್‌ಎಸ್ 200. ಇದಕ್ಕೆ ಡಬಲ್ ಸ್ಟ್ಯಾಂಡ್ ಇಲ್ಲ. ಚೈನ್ ತೊಳೆದು ಎಣ್ಣೆ ಹಾಕಲು ಹಿಂದಿನ ಚಕ್ರ ಮೇಲೇಳಬೇಕಲ್ಲ? ನಮ್ಮದು ಟೊಮೆಟೊ ಬೆಳೆಯುವ ಮನೆ, ಪ್ಲಾಸ್ಟಿಕ್ ಕ್ರೇಟ್‌ಗಳಿಗೆ ಬರವಿಲ್ಲ. ಎರಡೂ ಬದಿಯ ಫುಟ್‌ರೆಸ್ಟ್ ಕೆಳಗೆ ಒಂದೊಂದು ಕ್ರೇಟ್ ಬೋರಲು ಹಾಕಿದರೆ ಆಗದೇ?
– ಓದುಗರು, ವೇಮಗಲ್

ಉತ್ತರ: ಆಗುತ್ತದೆ, ಹತ್ತು ನಿಮಿಷ. ಹನ್ನೊಂದನೆಯ ನಿಮಿಷದ ಅನುಭವ ನನಗಿದೆ. ಹುಡುಗನಾಗಿದ್ದಾಗ ನಾನೂ ಹೀಗೆಯೇ ಬೈಕ್ ನಿಲ್ಲಿಸಿ ಟ್ಯಾಂಕ್ ಜಜ್ಜಿಸಿಕೊಂಡವನು.

ಕೋಲಾರದ ಮಾರುಕಟ್ಟೆಯಲ್ಲಿ ಕ್ರೇಟ್‌ಗಳನ್ನು ಆಳೆತ್ತರಕ್ಕೆ ಪೇರಿಸುವುದನ್ನು ನೋಡಿ ನಿಮಗೆ ಧೈರ್ಯ ಬಂದಿರಬೇಕು. ಆದರೆ ಅಲ್ಲಿ ಮೇಲಿನ ಕ್ರೇಟಿನ ಭಾರ ಇಳಿಯುವುದು ಕೆಳಗಿನದರ ಅಂಚು ಮತ್ತು ನಾಲ್ಕು ಮೂಲೆಗಳ ಮೇಲೆ. ಜಾಲರಿಯಂತಿರುವ ತಳ ಹೊರುವುದು ಹದಿನೈದು ಕಿಲೋ ಹಣ್ಣನ್ನು, ಅದೂ ಹರಡಿಕೊಂಡಂತೆ. ನೀವು ಅದನ್ನು ಬೋರಲು ಹಾಕಿ, ನಡುಭಾಗದಲ್ಲಿ ಬೆರಳುದ್ದದ ಕಬ್ಬಿಣವನ್ನು ಊರುತ್ತೀರಿ. ನಿಮ್ಮ ಬೈಕ್ ಸುಮಾರು 155ರಿಂದ 160 ಕಿಲೋ ತೂಗುತ್ತದೆ. ತೋಟದಲ್ಲಿ ಬಿಸಿಲು ಕುಡಿದು ಬಣ್ಣ ಮಾಸಿದ ಕ್ರೇಟಾದರೆ ಬಗ್ಗಿ ಎಚ್ಚರಿಸುವ ಸೌಜನ್ಯವನ್ನೂ ತೋರಿಸುವುದಿಲ್ಲ, ಚಟ್ಟನೆ ಸೀಳುತ್ತದೆ. ಇನ್ನು ಫುಟ್‌ರೆಸ್ಟ್ ಮಡಚುವಂಥದ್ದು. ಕೆಳಗಿನಿಂದ ಒತ್ತಿದರೆ ಮೇಲಕ್ಕೆ ಮಡಚಿಕೊಳ್ಳುವುದೇ ಅದರ ಕೆಲಸ.

ಕ್ರೇಟ್ ಬೇಡವೆಂದರೆ ಮಾಲೂರಿನ ಇಟ್ಟಿಗೆ ತರುತ್ತೀರಿ ಎಂಬುದೂ ಗೊತ್ತು. ಇಟ್ಟಿಗೆಗೂ ಸಿಮೆಂಟ್ ಬ್ಲಾಕಿಗೂ ಗೋಡೆಯ ಭಾರ ಸಮನಾಗಿ ಬಿದ್ದರೆ ಚಿಂತೆಯಿಲ್ಲ, ಒಂದೇ ಬಿಂದುವಿನಲ್ಲಿ ಬಿದ್ದರೆ ಬಿರುಕು ಬಿಡುತ್ತವೆ. ಸೈಜುಗಲ್ಲು ಒಡೆಯುವುದಿಲ್ಲ ನಿಜ, ಆದರೆ ಸಮತಟ್ಟಾಗಿ ಕೂರದೆ ಅಲುಗಾಡುತ್ತದೆ. ಊರಲು ಮರದ ದಿಮ್ಮಿಯಷ್ಟು ನಂಬಿಕಸ್ಥ ವಸ್ತು ಬೇರೆ ಇಲ್ಲ.

ಎಂಜಿನ್ ಕೆಳಗೆ ಊರುವ ಯೋಚನೆಯನ್ನೂ ಬಿಡಿ. ನಿಮ್ಮ ಬೈಕಿನಲ್ಲಿ ಅಲ್ಲಿರುವುದು ಸೈಲೆನ್ಸರ್.

ಕಾರಿನ ಜಾಕಿ ಒಂದು ಸಿಕ್ಕರೆ ಹೀಗೆ ಮಾಡಿ. ಅಂಗಳದ ಚಪ್ಪಡಿ ಹಾಸು ಮಳೆನೀರು ಹರಿದುಹೋಗಲೆಂದು ಸಾಮಾನ್ಯವಾಗಿ ಇಳಿಜಾರಾಗಿರುತ್ತದೆ. ಅಲ್ಲಿ ಬೇಡ, ಸಮತಟ್ಟಾದ ಗಟ್ಟಿ ನೆಲ ಹುಡುಕಿ. ಬೈಕನ್ನು ಸೈಡ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ನ್ಯೂಟ್ರಲ್‌ಗೆ ತನ್ನಿ. ಮುಂದಿನ ಬ್ರೇಕ್ ಲಿವರನ್ನು ಹಳೆಯ ಟ್ಯೂಬಿನ ಪಟ್ಟಿಯಿಂದ ಹ್ಯಾಂಡಲ್‌ಗೆ ಬಿಗಿಯಾಗಿ ಸುತ್ತಿ ಕಟ್ಟಿ. ಈ ಪಟ್ಟಿಯನ್ನು ಮಾತ್ರ ಮರೆಯಬೇಡಿ. ನ್ಯೂಟ್ರಲ್‌ನಲ್ಲಿರುವ ಬೈಕ್ ಒಂದು ಗೇಣು ಮುಂದಕ್ಕೆ ಉರುಳಿದರೂ ಸೈಡ್ ಸ್ಟ್ಯಾಂಡ್ ಮಡಚಿಕೊಳ್ಳುತ್ತದೆ. ಬಳಿಕ ಬಲಬದಿಗೆ ಬಂದು, ಹಿಂದಿನ ಚಕ್ರವನ್ನು ಹಿಡಿದಿರುವ ತೋಳಿನ, ಅಂದರೆ ಸ್ವಿಂಗ್ ಆರ್ಮ್‌ನ ಕೆಳಗೆ, ಚಕ್ರದ ಅಚ್ಚಾದ ಆಕ್ಸೆಲ್‌ಗೆ ಹತ್ತಿರವಾಗಿ ಜಾಕಿ ಇಟ್ಟು, ನಡುವೆ ಮರದ ತುಂಡು ಕೊಟ್ಟು ನಿಧಾನವಾಗಿ ಏರಿಸಿ. ಮುಂದಿನ ಟೈರ್, ಸೈಡ್ ಸ್ಟ್ಯಾಂಡ್, ಜಾಕಿ ಎಂಬ ಮೂರು ಕಾಲಿನ ಮೇಲೆ ಬೈಕ್ ನಿಲ್ಲುತ್ತದೆ. ಒಲೆಯ ಮೂರು ಗುಂಡಿನ ಮೇಲೆ ಪಾತ್ರೆ ಕೂರುವ ಲೆಕ್ಕವೇ ಇದು. ಹಿಂದಿನ ಚಕ್ರ ಕೈಗೆ ಸಲೀಸಾಗಿ ತಿರುಗಿದೊಡನೆ ನಿಲ್ಲಿಸಿ. ಒಂದು ಬೆರಳಿನ ಎತ್ತರ ಸಾಕು. ಆಸೆಬಿದ್ದು ಇನ್ನೂ ಏರಿಸಿದರೆ ಎಡಕ್ಕಿದ್ದ ವಾಲು ಹೋಗಿ, ಸೈಡ್ ಸ್ಟ್ಯಾಂಡ್ ನೆಲ ಬಿಟ್ಟು, ಬೈಕ್ ಬಲಕ್ಕೆ ಉರುಳುತ್ತದೆ.

ಈ ಏರ್ಪಾಡು ಚೈನ್ ತೊಳೆದು ಎಣ್ಣೆ ಹಾಕುವುದಕ್ಕೆ ಮಾತ್ರ. ಚಕ್ರ ಬಿಚ್ಚುವುದಾದರೆ ಬೈಕಿನ ಹಿಂಭಾಗವನ್ನು ಎತ್ತಿ ಹಿಡಿಯುವ ಪ್ಯಾಡಾಕ್ ಸ್ಟ್ಯಾಂಡ್ ಕೊಳ್ಳಿ, ಇಲ್ಲವೇ ಬಲ್ಲ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ. ಚೈನಿನ ಸಡಿಲವನ್ನೂ ಹೀಗೆ ಎತ್ತಿಟ್ಟು ಅಳೆಯಬೇಡಿ. ಹಿಂದಿನ ಶಾಕ್ ಅಬ್ಸಾರ್ಬರ್ ಮೇಲಿನ ಭಾರ ಬದಲಾದಂತೆ ಸಡಿಲವೂ ಬದಲಾಗುತ್ತದೆ. ಬೈಕಿನ ಕೈಪಿಡಿಯಲ್ಲಿ ಹೇಗೆ ನಿಲ್ಲಿಸಿ ಅಳೆಯಲು ಹೇಳಿದ್ದಾರೋ ಹಾಗೆಯೇ ಅಳೆಯಿರಿ. ಚಕ್ರವನ್ನು ಕೈಯಲ್ಲೇ ತಿರುಗಿಸಿ. ಎಂಜಿನ್ ಚಾಲೂ ಮಾಡಿ, ಗೇರ್ ಹಾಕಿ, ಓಡುವ ಚೈನಿಗೆ ಬಟ್ಟೆ ಹಿಡಿದು ಬೆರಳು ಕಳೆದುಕೊಂಡವರು ಇದ್ದಾರೆ. ಬಟ್ಟೆ ಮೊದಲು ಸಿಕ್ಕಿಕೊಳ್ಳುತ್ತದೆ, ಬೆರಳು ಅದರ ಹಿಂದೆಯೇ ಹೋಗುತ್ತದೆ.

ಪ್ರಶ್ನೆ: ಬುಲೆಟ್‌ನ ಮುಂದಿನ ಚಕ್ರ ಬಿಚ್ಚಬೇಕಿದೆ. ತೋಟದ ಮಾವಿನ ಕೊಂಬೆಗೆ ಹಗ್ಗ ಹಾಕಿ ಹ್ಯಾಂಡಲ್ ಎತ್ತಿ ಕಟ್ಟೋಣವೆಂದಿದ್ದೇನೆ. ನಮ್ಮ ಭಾವ, ಹಿಂದಿನ ಸೀಟಿನ ಮೇಲೆ ರಾಗಿ ಮೂಟೆ ಹೇರಿದರೆ ಮುಂದಿನ ಚಕ್ರ ತಾನೇ ಏಳುತ್ತದೆ ಎನ್ನುತ್ತಾರೆ. ಯಾವುದು ಸರಿ?
– ಓದುಗರು, ಶ್ರೀನಿವಾಸಪುರ

ಉತ್ತರ: ಭಾವನವರ ಮಾತು ಅರ್ಧ ಸರಿ. ನಿಮ್ಮದು ಪೂರ್ತಿ ತಪ್ಪು. ಮಾವಿನ ಕೊಂಬೆ ಹುಣಸೆ ಕೊಂಬೆಯಲ್ಲ. ಕೊಂಬೆ ತಡೆದರೂ ಹಗ್ಗದಲ್ಲಿ ತೂಗುವ ಬೈಕ್ ತೊಟ್ಟಿಲಿನಂತೆ ಆಡುತ್ತದೆ. ಬೈಕ್ ಎತ್ತುವಾಗ ನಾವೆಲ್ಲ ಎಚ್ಚರವಾಗಿರುತ್ತೇವೆ. ಬೀಳುವುದು ಆಮೇಲೆ, ತುಕ್ಕು ಹಿಡಿದ ನಟ್ಟಿಗೆ ಸ್ಪ್ಯಾನರ್ ಕೊಟ್ಟು ಮೈಭಾರ ಹಾಕಿ ಎಳೆದಾಗ. ಆದ್ದರಿಂದ ಎರಡೂ ಚಕ್ರ ನೆಲದ ಮೇಲಿರುವಾಗಲೇ ಆಕ್ಸೆಲ್ ನಟ್ಟನ್ನು ಕಾಲು ಸುತ್ತು ಸಡಿಲಿಸಿಕೊಳ್ಳಿ. ಪೂರ್ತಿ ಬಿಚ್ಚುವುದು ಎತ್ತಿದ ಮೇಲೆ. ಜೋಡಿಸುವಾಗಲೂ ಕೊನೆಯ ಬಿಗಿತ ಚಕ್ರ ನೆಲಕ್ಕೆ ಮುಟ್ಟಿದ ಮೇಲೆಯೇ.

ಬುಲೆಟ್‌ಗೆ ಡಬಲ್ ಸ್ಟ್ಯಾಂಡ್ ಇದೆ. ಅದನ್ನು ಹಾಕಿ, ಎಂಜಿನ್‌ನ ಮುಂಭಾಗದ ಕೆಳಗೆ ಅಗಲವಾದ ಹಲಗೆಯಿಟ್ಟು ಜಾಕಿಯಿಂದ ಏರಿಸಿ. ಭಾರ ಸೈಲೆನ್ಸರ್ ಪೈಪಿನ ಮೇಲಾಗಲಿ, ಆಯಿಲ್ ಬಿಡುವ ಬೋಲ್ಟಿನ ಮೇಲಾಗಲಿ, ಫಿಲ್ಟರ್ ಮುಚ್ಚಳದ ಮೇಲಾಗಲಿ ಬೀಳಬಾರದು. ಚಕ್ರ ಎದ್ದ ಮೇಲೆ ಜಾಕಿಯ ಪಕ್ಕದಲ್ಲೇ ಮರದ ದಿಮ್ಮಿ ಕೊಡಿ. ಜಾಕಿ ಎತ್ತುವುದಕ್ಕೆ, ಹೊರುವುದಕ್ಕೆ ದಿಮ್ಮಿ. ಇಷ್ಟಾದ ಮೇಲೆ ರಾಗಿ ಮೂಟೆ ಬೇಕಿದ್ದರೆ ಇರಲಿ. ಅದೊಂದನ್ನೇ ನಂಬಿದರೆ ಬೈಕ್ ಏತದಂತೆ ಏರಿಳಿಯುತ್ತದೆ. ಡಿಸ್ಕ್ ಬ್ರೇಕ್ ಇದ್ದರೆ, ಚಕ್ರ ಹೊರಗಿರುವಾಗ ಯಾರೂ ಬ್ರೇಕ್ ಲಿವರ್ ಒತ್ತದಂತೆ ನೋಡಿಕೊಳ್ಳಿ. ಒತ್ತಿದರೆ ಪ್ಯಾಡ್‌ಗಳು ಒಂದಕ್ಕೊಂದು ಕೂಡಿಕೊಂಡು ಡಿಸ್ಕ್ ಮತ್ತೆ ಒಳಗೆ ಹೋಗುವುದಿಲ್ಲ. ಪ್ಯಾಡ್‌ಗಳ ನಡುವೆ ದಪ್ಪ ರಟ್ಟು ಸಿಕ್ಕಿಸಿಟ್ಟರೆ ನಿಶ್ಚಿಂತೆ. ಚಕ್ರವಿಲ್ಲದ ಬೈಕನ್ನು ಹಾಗೆಯೇ ಬಿಟ್ಟು ಊಟಕ್ಕೆ ಹೋಗಬೇಡಿ, ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ.

ಪ್ರಶ್ನೆ: ನನಗೆ ಅರವತ್ತು ವರ್ಷ. ಸ್ಕೂಟರಿಗೆ ಡಬಲ್ ಸ್ಟ್ಯಾಂಡ್ ಹಾಕಿದರೆ ಸೊಂಟ ಹಿಡಿದುಕೊಳ್ಳುತ್ತದೆ. ದಿನವೂ ಪಕ್ಕದ ಮನೆಯ ಹುಡುಗನನ್ನು ಕರೆಯಬೇಕು.
– ಓದುಗರು, ಬಂಗಾರಪೇಟೆ

ಉತ್ತರ: ಅಮ್ಮ, ನೀವು ಸ್ಕೂಟರನ್ನು ತೋಳಿನಿಂದ ಎತ್ತಲು ಹೋಗುತ್ತಿದ್ದೀರಿ. ಎತ್ತಬೇಕಾದದ್ದು ಕಾಲು. ಎಡಗೈ ಹ್ಯಾಂಡಲ್ ಮೇಲೆ, ಬಲಗೈ ಹಿಂದಿನ ಹಿಡಿಯ ಮೇಲೆ ಇರಲಿ. ಬಲಗಾಲಿನಿಂದ ಸ್ಟ್ಯಾಂಡ್ ಇಳಿಸಿ, ಸ್ಕೂಟರನ್ನು ಮೆಲ್ಲಗೆ ಆಚೀಚೆ ಆಡಿಸಿ. ಸ್ಟ್ಯಾಂಡಿನ ಎರಡು ಕಾಲೂ ನೆಲ ಮುಟ್ಟಿದ್ದು ಕೈಗೆ ತಿಳಿಯುತ್ತದೆ. ಆಗ ಮೆಟ್ಟಿಲು ಹತ್ತುವವರಂತೆ ಬೆನ್ನು ನೆಟ್ಟಗಿಟ್ಟುಕೊಂಡು ನಿಮ್ಮ ಭಾರವನ್ನೆಲ್ಲ ಆ ಕಾಲಿನ ಮೇಲೆ ಹಾಕಿ. ಬಲಗೈ ಹಿಂದಕ್ಕೆ ದಾರಿ ತೋರಿಸಿದರೆ ಸಾಕು. ಆದರೂ ಕಷ್ಟವೆನಿಸಿದರೆ ಅರ್ಧ ಇಂಚಿನ ಹಲಗೆಯೊಂದನ್ನು ನಿಲ್ಲಿಸುವ ಜಾಗದಲ್ಲೇ ಬಿಟ್ಟಿರಿ. ಸ್ಟ್ಯಾಂಡ್ ನೆಲದ ಮೇಲಿದ್ದು, ಹಿಂದಿನ ಚಕ್ರ ಮಾತ್ರ ಹಲಗೆಯ ಮೇಲೆ ಬಂದರೆ ಏರಿಸಬೇಕಾದ ಎತ್ತರ ಅಷ್ಟು ಕಡಿಮೆಯಾಗುತ್ತದೆ. ಚಪ್ಪಲಿ ಜಾರುವಂಥದ್ದಾದರೆ ಬದಲಿಸಿ. ಸ್ಟ್ಯಾಂಡಿನ ಕೀಲಿಗೆ ಎರಡು ತೊಟ್ಟು ಎಣ್ಣೆ ಬಿಡುವ ಕೆಲಸವನ್ನು ಆ ಹುಡುಗನಿಗೆ ವಹಿಸಿ.