ನಿದ್ದೆ ಬಂದರೆ ಲಾರಿ ನಿಲ್ಲಿಸಲು ಏನು ಧಾಡಿ?

ಪ್ರಿಯ ಓದುಗರೇ,

ಚಿತ್ರದುರ್ಗದ ಬಳಿ ಬೆಳಗಿನ ಜಾವ ನಾಲ್ಕು ಗಂಟೆಗೆ ಲಾರಿಯೊಂದು ನಿಮ್ಮ ಕಾರಿಗೆ ಹಿಂದಿನಿಂದ ಗುದ್ದಿ, ನಿಮ್ಮ ತಮ್ಮನ ಕಾಲು ಮುರಿದ ವಿಷಯ ಬರೆದಿದ್ದೀರಿ. ತೂಕಡಿಸಿದ್ದನ್ನು ಚಾಲಕನೇ ಒಪ್ಪಿಕೊಂಡನಂತೆ. 'ನಿದ್ದೆ ಬಂದರೆ ಪಕ್ಕಕ್ಕೆ ನಿಲ್ಲಿಸಲು ಇವರಿಗೆ ಏನು ಧಾಡಿ? ಲೈಸೆನ್ಸ್ ಕಿತ್ತುಕೊಳ್ಳಬೇಕು' ಎಂದಿದ್ದೀರಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ತಮ್ಮ ಬೇಗ ಎದ್ದು ಓಡಾಡುವಂತಾಗಲಿ. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಇದೆ, ಅದನ್ನು ಹೇಳದೆ ಇರಲಾರೆ.

ವರದಿಗಾರನಾಗಿದ್ದಾಗ ಒಮ್ಮೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಮೆಕ್ಕೆಜೋಳದ ಲಾರಿಯಲ್ಲಿ ಬಂದಿದ್ದೆ. ಚಾಲಕ ಬೆಳಿಗ್ಗೆ ಐದಕ್ಕೆ ಎದ್ದು ಗೋದಾಮಿನ ಮುಂದೆ ಸರದಿ ಹಿಡಿದಿದ್ದ. ಅರ್ಧ ಗಂಟೆಗೊಮ್ಮೆ ಸಾಲು ಒಂದು ಲಾರಿಯಷ್ಟು ಮುಂದೆ ಸರಿಯುತ್ತಿತ್ತು. ಚಕ್ರಗಳ ನಡುವಿನ ನೆರಳಲ್ಲಿ ಗೋಣಿಚೀಲ ಹಾಸಿ ಕಣ್ಣು ಮುಚ್ಚುವಷ್ಟರಲ್ಲಿ ಹಿಂದಿನವನ ಹಾರ್ನ್. ಹಮಾಲರು ಕೊನೆಯ ಚೀಲ ಲಾರಿಗೆ ಹೇರಿದಾಗ ರಾತ್ರಿ ಎಂಟು. 'ಹಗಲೆಲ್ಲ ಬಿಡುವಾಗಿದ್ದೆಯಲ್ಲ, ಬೆಳಿಗ್ಗೆ ಏಳಕ್ಕೆ ಮಾಲು ಮುಟ್ಟಬೇಕು' ಎಂದರು ಗುಮಾಸ್ತರು. ಆ ಕಾಯುವಿಕೆಗೆ ಅವನಿಗೆ ಒಂದು ರೂಪಾಯಿಯೂ ಇಲ್ಲ. ಕೂಲಿ ಟ್ರಿಪ್ಪಿಗೆ ಇಷ್ಟು ಎಂದು. ಹೊತ್ತು ಮೀರಿದರೆ ಭಾರಿ ವಾಹನಕ್ಕೆ ನಗರದೊಳಗೆ ಪ್ರವೇಶವಿಲ್ಲ, ಇನ್ನೊಂದು ದಿನ ಹಾಳು.

ಹಿರಿಯೂರು ದಾಟಿದ ಮೇಲೆ ಒದ್ದೆ ಟವೆಲನ್ನು ಕುತ್ತಿಗೆಗೆ ಸುತ್ತಿಕೊಂಡ. 'ಸುಮ್ಮನಿರಬೇಡಿ ಸಾರ್, ಏನಾದರೂ ಕೇಳುತ್ತಾ ಇರಿ' ಎಂದ. ಹಿಂದೆ ಆ ಕೆಲಸ ಕ್ಲೀನರ್‌ನದು. ಖರ್ಚು ಉಳಿಸಲು ಎಷ್ಟೋ ಲಾರಿಗಳಲ್ಲಿ ಈಗ ಕ್ಲೀನರ್ ಇಲ್ಲ, ಎರಡನೆಯ ಚಾಲಕನಂತೂ ದೂರದ ಮಾತು. ನಿಲ್ಲಿಸಿ ಮಲಗೋಣ ಎಂದೆ. 'ಎಲ್ಲಿ?' ಎಂದ. ಹೆದ್ದಾರಿಯ ಅಂಚಿನಲ್ಲಿ ಕತ್ತಲಲ್ಲಿ ನಿಂತ ಲಾರಿಗೇ ಹಿಂದಿನಿಂದ ಬಂದವರು ಗುದ್ದಿ ಸಾಯುತ್ತಾರೆ. ಮೈಮರೆತು ಮಲಗಿದರೆ ಟ್ಯಾಂಕಿನ ಡೀಸೆಲ್ ಹೋಗುತ್ತದೆ, ತಾಡಪಾಲು ಕೊಯ್ದು ಮಾಲು ಹೋಗುತ್ತದೆ. ಹೋದದ್ದನ್ನು ತನ್ನ ಲೆಕ್ಕದಲ್ಲೇ ಮುರಿದುಕೊಳ್ಳುತ್ತಾರೆ ಎಂದ.

ಹದಿನೇಳು ಗಂಟೆ ನಿದ್ದೆಗೆಟ್ಟವರ ಚುರುಕುತನ, 100 ಮಿಲಿ ಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು ಸಂಶೋಧಕರು ಅಳೆದು ತೋರಿಸಿದ್ದಾರೆ. ನಮ್ಮ ಕಾನೂನು ಚಾಲಕನಿಗೆ ಬಿಟ್ಟಿರುವ ಮಿತಿ 30. ನನ್ನ ಚಾಲಕ ಹಿರಿಯೂರಿನಲ್ಲಿದ್ದಾಗ ಸರಿಯಾದ ನಿದ್ದೆ ಕಂಡು ಇಪ್ಪತ್ತೆರಡು ಗಂಟೆ ಆಗಿತ್ತು. ಬಾಯಿಗೆ ಯಂತ್ರ ಹಿಡಿದರೆ ಅವನದು ಶುದ್ಧ ಸೊನ್ನೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ನಾಲ್ಕು ಸೆಕೆಂಡು ರೆಪ್ಪೆ ಅಂಟಿದರೆ ಲಾರಿ ಸುಮಾರು 67 ಮೀಟರ್ ಕುರುಡಾಗಿ ಓಡುತ್ತದೆ.

ಕಾನೂನು ಇಲ್ಲ ಎಂದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿರಾಮ ಎಂದಿತ್ತು. ಆದರೆ ಅದು ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ. ಒಂದೋ ಎರಡೋ ಲಾರಿ ಇಟ್ಟುಕೊಂಡ ಸಾಲಗಾರ ಮಾಲೀಕರ ಬಾಗಿಲಿಗೆ ಅದು ಹೋಗಲೇ ಇಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ, 3.5 ಟನ್ನಿಗಿಂತ ಹೆಚ್ಚು ತೂಕದ ಸರಕು ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯವಾಗಿದೆ. ಇಂಜಿನ್ನಿನ ಕಾವಿನಲ್ಲಿ ಬೆಂದವರಿಗೆ ಅದು ದೊಡ್ಡ ಸಮಾಧಾನ, ನನಗೂ ಸಂತೋಷ. ಆದರೆ ತಂಪು ಗಾಳಿ ನಿದ್ದೆಯ ಸಾಲ ತೀರಿಸುವುದಿಲ್ಲ.

ಲೈಸೆನ್ಸ್ ವಿಚಾರ ನ್ಯಾಯಾಲಯ ನೋಡಿಕೊಳ್ಳಲಿ, ತಪ್ಪಿಗೆ ಶಿಕ್ಷೆ ಆಗಲಿ. ನೀವು ಇನ್ನೂ ಹೇಳಿಕೆ ಕೊಡುವುದು ಬಾಕಿ ಇದೆ ಎಂದಿದ್ದೀರಿ. ಅದರಲ್ಲಿ ಎರಡು ಪ್ರಶ್ನೆ ಸೇರಿಸಿ: ಆ ಚಾಲಕ ಅದಕ್ಕೂ ಮುಂಚೆ ಮಲಗಿದ್ದು ಯಾವಾಗ? ಆ ಮಾಲು ಎಷ್ಟು ಹೊತ್ತಿಗೆ ಎಲ್ಲಿ ಮುಟ್ಟಬೇಕು ಎಂದು ಗೊತ್ತು ಮಾಡಿದವರು ಯಾರು? ಸಿಕ್ಕ ಉತ್ತರವನ್ನು ನಮಗೂ ಬರೆದು ತಿಳಿಸಿ, ಅಚ್ಚು ಹಾಕುತ್ತೇವೆ.

– ಸಂಪಾದಕ