ಲೀಡ್ ಕೊಳ್ಳುವ ಮುನ್ನ: ಫೋನ್ ಮಾಡಿದವರೇ ಹಣ ಕೊಡುವವರೇ?

ಫೆಬ್ರವರಿ ಮುಗಿಯುತ್ತಿದ್ದಂತೆ ಮುಂಬಯಿ, ಠಾಣೆ, ಪುಣೆಯ ಕಾಂಟ್ರ್ಯಾಕ್ಟರುಗಳಿಂದ ಒಂದೇ ಪ್ರಶ್ನೆ ಹತ್ತು ರೀತಿಯಲ್ಲಿ ಬರುತ್ತದೆ: ಆನ್‌ಲೈನ್ ಲೀಡ್‌ಗೆ, ಅಂದರೆ ಕೆಲಸ ಮಾಡಿಸಬೇಕೆಂದು ವಿಚಾರಿಸಿದವರ ಹೆಸರು, ನಂಬರಿಗೆ, ಹಣ ಕಟ್ಟಬಹುದೇ? ಈ ಸಲ ಒಬ್ಬರ ಪ್ರಶ್ನೆಯನ್ನು ಬಿಡಿಸಿ ಉತ್ತರಿಸುತ್ತೇನೆ. ಉಳಿದವಕ್ಕೆ ಚುಟುಕು ಸಾಕು.

ಪ್ರಶ್ನೆ: ಡೊಂಬಿವಲಿ ಪೂರ್ವದಲ್ಲಿ ವಾಟರ್‌ಪ್ರೂಫಿಂಗ್ ಮತ್ತು ಟೈಲ್ಸ್ ಕೆಲಸ ಹಿಡಿಯುತ್ತೇನೆ. ನಾಲ್ವರು ಗೌಂಡಿಗಳು, ಆರು ಬಿಗಾರಿಗಳು (ಕೈಯಾಳುಗಳು) ಇದ್ದಾರೆ. ಒಂದು ಲೀಡ್ ಕಂಪನಿಯವರು ವರ್ಷಕ್ಕೆ 36,000 ರೂಪಾಯಿ, ಮೇಲೆ ಜಿಎಸ್‌ಟಿ, ತಿಂಗಳಿಗೆ 20 ಲೀಡ್ ಗ್ಯಾರಂಟಿ ಎನ್ನುತ್ತಾರೆ. ತಿಂಗಳ ಕೊನೆಯೊಳಗೆ ಕಟ್ಟಿದರೆ ರಿಯಾಯಿತಿಯಂತೆ. ಕಟ್ಟಲೇ?

ಉತ್ತರ: ಈ ಷರತ್ತುಗಳಲ್ಲಿ ಬೇಡ. ಕಾರಣ ರಿಯಾಯಿತಿಯಲ್ಲಿಲ್ಲ, ಲೆಕ್ಕದಲ್ಲಿದೆ.

36,000ಕ್ಕೆ ಶೇ. 18ರ ಜಿಎಸ್‌ಟಿ ಸೇರಿದರೆ 42,480. ತಿಂಗಳಿಗೆ 3,540, ಲೀಡ್‌ಗೆ 177 ರೂಪಾಯಿ. ಸೇಲ್ಸ್‌ನವರು ಇಲ್ಲಿಗೆ ಲೆಕ್ಕ ನಿಲ್ಲಿಸುತ್ತಾರೆ. ನೀವು ಮುಂದುವರಿಸಿ. 20ರಲ್ಲಿ ಕೆಲವರು ಫೋನ್ ಎತ್ತುವುದಿಲ್ಲ, ಕೆಲವರು ಬರೀ ರೇಟು ಕೇಳಿ ಇಡುತ್ತಾರೆ, ಕೆಲವರ ಮನೆ ದೂರದ ಪನ್ವೇಲ್‌ನಲ್ಲಿರುತ್ತದೆ. ಆರು ಕಡೆ ಸೈಟ್ ನೋಡಲು ಹೋದಿರಿ ಎನ್ನಿ. ಪೆಟ್ರೋಲು, ಅರ್ಧ ದಿನದ ಕೆಲಸ ಬಿಟ್ಟದ್ದು ಸೇರಿ ಒಂದು ಭೇಟಿಗೆ ಕಡಿಮೆಯೆಂದರೂ 300 ರೂಪಾಯಿ, ಒಟ್ಟು 1,800. ಒಂದು ಕೆಲಸ ಕೈಗೆ ಬಂದರೆ ಅದನ್ನು ತಂದ ಖರ್ಚು 5,340. ಬಂದ ಕೆಲಸ 25,000ದ ಬಾತ್‌ರೂಮ್, ಲಾಭ ಶೇ. 20 ಎಂದರೆ ಉಳಿಯುವುದು 5,000. ಅಂದರೆ ತಿಂಗಳಿಡೀ ಓಡಾಡಿ 340 ರೂಪಾಯಿ ಕೈಯಿಂದ ಹೋಯಿತು. ಎರಡು ಕೆಲಸ ಕುದುರಿದರೆ ಒಂದೊಂದಕ್ಕೆ 2,670 ಖರ್ಚು, ಲಾಭದ ಅರ್ಧಕ್ಕಿಂತ ಹೆಚ್ಚು ಆಗಲೂ ಲೀಡ್‌ಗೇ ಹೋಯಿತು. ಒಂದು ಕೆಲಸ ತರುವ ಖರ್ಚು ಅದರ ಲಾಭದ ಕಾಲು ಭಾಗ ದಾಟಬಾರದು ಎಂಬುದು ನನ್ನ ಮಿತಿ. ಸಾಮಾನ್ಯ ಜಿಎಸ್‌ಟಿ ನೋಂದಣಿ (ಕಾಂಪೊಸಿಶನ್ ಅಲ್ಲ) ಇದ್ದವರಿಗೆ ಆ 6,480 ಇನ್‌ಪುಟ್ ಕ್ರೆಡಿಟ್ ಆಗಿ ಸಿಗುತ್ತದೆ, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆಯಬಹುದು. ವಹಿವಾಟು 20 ಲಕ್ಷದೊಳಗಿದೆ ಎಂದು ನೋಂದಣಿ ಮಾಡಿಸದವರಿಗೆ ಅದೂ ಖರ್ಚೇ.

ಇದಕ್ಕಿಂತ ದೊಡ್ಡ ತೊಡಕು ನಿಮ್ಮ ಕಸುಬಿನೊಳಗೇ ಇದೆ. ಲೀಡ್ ಕಂಪನಿ ಕೊಡುವುದು ಹೆಸರು, ನಂಬರು, ಪಿನ್‌ಕೋಡ್, ‘ವಾಟರ್‌ಪ್ರೂಫಿಂಗ್’ ಎಂಬ ಒಂದು ಶಬ್ದ, ಅಷ್ಟೇ. ಸೋರಿಕೆಯ ಕೆಲಸದಲ್ಲಿ ಫೋನ್ ಮಾಡಿದವರು ಬಹಳ ಸಲ ಹಣ ಕೊಡುವವರಲ್ಲ. ಚಾವಣಿಯಿಂದ ನೀರು ತೊಟ್ಟಿಕ್ಕುತ್ತಿದೆ ಎಂದು ಫೋನ್ ಮಾಡುವವರು ಕೆಳಗಿನ ಮನೆಯವರು. ಒಡೆಯಬೇಕಾದದ್ದು ಮೇಲಿನ ಮನೆಯ ಬಾತ್‌ರೂಮ್. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಬೈಲಾ (ಉಪನಿಯಮ) ಪ್ರಕಾರ ಮನೆಯೊಳಗಿನ ಟಾಯ್ಲೆಟ್, ಸಿಂಕ್ ಸೋರಿಕೆಯ ಖರ್ಚು ಆ ಮನೆಯ ಸದಸ್ಯರದು. ಟೆರೇಸ್, ಹೊರಗೋಡೆ, ಕಾಮನ್ ಪೈಪಿನ ಸೋರಿಕೆ ಸೊಸೈಟಿಯದು. ಮೇಲಿನವರು ಬಾಗಿಲು ತೆರೆಯದಿದ್ದರೆ, ಸೆಕ್ರೆಟರಿ ಒಪ್ಪದಿದ್ದರೆ ನೀವು ಕೊಟ್ಟ ಕೊಟೇಶನ್ ಕಾಗದವಾಗಿಯೇ ಉಳಿಯುತ್ತದೆ.

ಹಾಗಾಗಿ ಬೈಕ್ ಹತ್ತುವ ಮೊದಲು ಫೋನಿನಲ್ಲೇ ಎರಡು ನಿಮಿಷ ಕೇಳಿ. ನೀರು ಯಾವಾಗ ಬೀಳುತ್ತದೆ? ಹಗಲು ರಾತ್ರಿ ಒಂದೇ ಸಮನೆ ತೊಟ್ಟಿಕ್ಕಿದರೆ ಮೊದಲ ಅನುಮಾನ ನೀರು ಬರುವ ಪೈಪಿನ ಮೇಲೆ. ಅದು ಪ್ಲಂಬರ್ ಕೆಲಸ. ಮೇಲಿನವರು ಸ್ನಾನ ಮಾಡಿದಾಗ ಮಾತ್ರವಾದರೆ ನಹಾಣಿ ಟ್ರ್ಯಾಪ್ (ಬಚ್ಚಲ ನೆಲದ ನೀರು ಹೋಗುವ ಜಾಲಿಯ ಕೆಳಗಿನ ಭಾಗ), ಟೈಲ್ಸ್ ಸಂದು ಅಥವಾ ಬಳಸಿದ ನೀರು ಹೋಗುವ ವೇಸ್ಟ್ ಲೈನ್. ಇದು ನಿಮ್ಮದು. ಮಳೆಯಲ್ಲಿ ಮಾತ್ರ ಎಂದರೆ ಹೊರಗೋಡೆ, ಕಿಟಕಿಯ ಅಂಚು ಇಲ್ಲವೇ ಟೆರೇಸ್, ಅಂದರೆ ಸಾಮಾನ್ಯವಾಗಿ ಸೊಸೈಟಿಯ ಖರ್ಚು. ಆಮೇಲೆ ಕೇಳಿ: ಸ್ವಂತ ಮನೆಯೋ ಬಾಡಿಗೆಯೋ? ಮೇಲಿನ ಮನೆಯವರೊಡನೆ ಮಾತಾಗಿದೆಯೇ? ಸೊಸೈಟಿಗೆ ಲಿಖಿತ ದೂರು ಕೊಟ್ಟಿದ್ದೀರಾ? ಮೂರಕ್ಕೂ ಸರಿಯಾದ ಉತ್ತರ ಇಲ್ಲದ ಮನೆಗೆ ಪುಕ್ಕಟೆ ಭೇಟಿ ಕೊಡಬೇಡಿ. ಭೇಟಿಗೆ 500 ರೂಪಾಯಿ, ಕೆಲಸ ಕೊಟ್ಟರೆ ಬಿಲ್ಲಿನಲ್ಲಿ ಕಳೆಯುತ್ತೇನೆ ಎಂದು ಹೇಳಿ. ನಿಜವಾಗಿ ಕೆಲಸ ಮಾಡಿಸುವವರು ಇದಕ್ಕೆ ಬೇಸರಿಸುವುದಿಲ್ಲ.

ಟೆರೇಸಿನ ಕೋಬಾ (ಇಟ್ಟಿಗೆ ಚೂರು, ಸಿಮೆಂಟಿನ ವಾಟರ್‌ಪ್ರೂಫಿಂಗ್ ಪದರ), ಪೂರ್ತಿ ಕಟ್ಟಡದ ಪ್ಲಾಸ್ಟರ್, ಬಣ್ಣದಂಥ ದೊಡ್ಡ ಕೆಲಸಕ್ಕೆ ಲೀಡ್ ಕಂಪನಿ ನೆಚ್ಚಿಕೊಳ್ಳುವುದು ತಪ್ಪು ದಾರಿ. 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡ ಗಟ್ಟಿಯಾಗಿದೆಯೇ ಎಂಬ ಎಂಜಿನಿಯರ್ ತಪಾಸಣೆ, ಕಡ್ಡಾಯ. ಆ ವರದಿ ಬರೆಯುವ ಎಂಜಿನಿಯರ್, ಮೂರು ಕೊಟೇಶನ್ ತರಿಸುವ ಕಮಿಟಿ, ಒಪ್ಪಿಗೆ ಕೊಡುವ ಜನರಲ್ ಬಾಡಿ (ಎಲ್ಲ ಸದಸ್ಯರ ಸಭೆ), ಇವರೇ ನಿಮ್ಮ ಗಿರಾಕಿಗಳು. ಲೀಡ್‌ಗೆ ಕಟ್ಟುವ ಹಣದಲ್ಲಿ ಒಂದು ವಾರ ಕೆಲಸ ಬಿಟ್ಟು ನಿಮ್ಮ ಪ್ರದೇಶದ ಐದು ಜನ ಎಂಜಿನಿಯರರನ್ನು ಕಂಡು ಬಂದರೆ ಹೆಚ್ಚು ಪ್ರಯೋಜನ.

ಇನ್ನು ‘ಗ್ಯಾರಂಟಿ’ಯ ಮಾತು. ಗ್ಯಾರಂಟಿ ಇರುವುದು ಹೆಸರುಗಳ ಎಣಿಕೆಗೆ, ಕೆಲಸಕ್ಕಲ್ಲ. ಅದೇ ಹೆಸರು ಇನ್ನೂ ಮೂರ್ನಾಲ್ಕು ಕಾಂಟ್ರ್ಯಾಕ್ಟರುಗಳಿಗೆ ಹೋಗುವುದು ಸಾಮಾನ್ಯ. ಗಿರಾಕಿಗೆ ಮೊದಲು ಫೋನ್ ಮಾಡಿದ ಕಾಂಟ್ರ್ಯಾಕ್ಟರಿಗೆ ಅರ್ಧ ಕೆಲಸ ಕುದುರಿದಂತೆ. ಪರಾಂಚಿಯ (ಕೆಲಸಕ್ಕೆ ಕಟ್ಟುವ ಅಟ್ಟಣೆಯ) ಮೇಲೆ ನಿಂತು ಸಂಜೆ ನೋಡುತ್ತೇನೆ ಎನ್ನುವವರು ಲೀಡ್ ಕೊಳ್ಳಲೇಬಾರದು. ಐದು ನಿಮಿಷದೊಳಗೆ ಮರಾಠಿ, ಹಿಂದಿಯಲ್ಲಿ ಮಾತಾಡಬಲ್ಲ ಒಬ್ಬರು ಫೋನಿನ ಹತ್ತಿರ ಬೇಕು. ಮನೆಯವರಾದರೂ ಸರಿ, ಮೇಲಿನ ಪ್ರಶ್ನೆಗಳನ್ನು ಬರೆದುಕೊಡಿ.

ವಾರ್ಷಿಕ ಪ್ಯಾಕೇಜ್ ಬೇಡ ಎನ್ನಲು ಋತುವೂ ಕಾರಣ. ಸೋರಿಕೆಯ ಫೋನು ಹೆಚ್ಚುವುದು ಜೂನ್, ಜುಲೈನಲ್ಲಿ. ಆಗ ಟೆರೇಸ್ ಮುಟ್ಟುವಂತಿಲ್ಲ, ಹೊರಗೋಡೆಗೆ ಪರಾಂಚಿ ಕಟ್ಟುವಂತಿಲ್ಲ, ಲೀಡ್ ಮಾತ್ರ ಎಣಿಕೆಯಿಂದ ಕಳೆಯುತ್ತಾ ಹೋಗುತ್ತದೆ. ಪ್ರಯೋಗ ಮಾಡಲೇಬೇಕೆಂದಿದ್ದರೆ ಮಾರ್ಚ್‌ನಿಂದ ಮೇವರೆಗೆ ಮೂರು ತಿಂಗಳು ಮಾತ್ರ, ಈ ಷರತ್ತುಗಳೊಂದಿಗೆ. ಪಿನ್‌ಕೋಡ್ 421201 ಮತ್ತು ಅಕ್ಕಪಕ್ಕದ ಎರಡು ಮಾತ್ರ. ಕೆಲಸದ ವಿಭಾಗ ‘ಬಾತ್‌ರೂಮ್ ವಾಟರ್‌ಪ್ರೂಫಿಂಗ್’, ‘ಹೋಮ್ ರಿಪೇರಿ’ ಅಲ್ಲ. ಒಂದು ಲೀಡ್ ಎಷ್ಟು ಜನಕ್ಕೆ ಹೋಗುತ್ತದೆ, ತಪ್ಪು ನಂಬರಿಗೆ ಬದಲಿ ಕೊಡುತ್ತಾರೆಯೇ, ಎಷ್ಟು ದಿನದೊಳಗೆ ದೂರು ಕೊಡಬೇಕು, ಇವೆಲ್ಲ ಕಂಪನಿಯ ಇಮೇಲ್‌ನಲ್ಲಿ ಬರಬೇಕು. ಸೇಲ್ಸ್‌ನವರು ಫೋನಿನಲ್ಲಿ ಆಡಿದ ಮಾತಿಗೆ ನಾಳೆ ಸಾಕ್ಷಿಯಿಲ್ಲ. ಹಣ ಹೋಗಬೇಕಾದದ್ದು ಕಂಪನಿಯ ಖಾತೆಗೆ, ಸೇಲ್ಸ್ ಹುಡುಗನ ಯುಪಿಐಗಲ್ಲ. ಬ್ಯಾಂಕಿನಿಂದ ತಿಂಗಳು ತಿಂಗಳು ತಾನಾಗಿ ಕಡಿತವಾಗುವ ಮ್ಯಾಂಡೇಟ್‌ಗೆ ಸಹಿ ಹಾಕಬೇಡಿ. ಈಗಾಗಲೇ ಹಾಕಿದ್ದರೆ ಕಂಪನಿಗೆ ಬರೆಯುವುದರ ಜೊತೆಗೆ ನಿಮ್ಮ ಬ್ಯಾಂಕಿನಲ್ಲೇ ಅದನ್ನು ರದ್ದು ಮಾಡಿಸಿ.

ಒಂದು ನೋಟುಬುಕ್ ಇಡಿ. ಪ್ರತಿ ಲೀಡ್‌ಗೆ ಒಂದು ಸಾಲು: ಬಂದ ಹೊತ್ತು, ಫೋನ್ ಮಾಡಿದ ಹೊತ್ತು, ಭೇಟಿ, ಕೊಟೇಶನ್, ಕೆಲಸದ ಮೊತ್ತ, ಉಳಿದದ್ದು. ಮೇ ಕೊನೆಗೆ ಕಾಲು ಭಾಗದ ಮಿತಿ ದಾಟಿದ್ದರೆ ಮುಂದುವರಿಸಬೇಡಿ, ಅವರು ಎಷ್ಟು ರಿಯಾಯಿತಿ ಕೊಟ್ಟರೂ.

ಪ್ರಶ್ನೆ: ಪಿಂಪ್ರಿಯಲ್ಲಿ ಪೇಂಟಿಂಗ್ ಕಾಂಟ್ರ್ಯಾಕ್ಟರ್. ಹಣ ಕೊಡದೆ ಆನ್‌ಲೈನ್‌ನಲ್ಲಿ ಗಿರಾಕಿ ಸಿಗುತ್ತಾರೆಯೇ?

ಉತ್ತರ: ಸಿಗುತ್ತಾರೆ. ಗೂಗಲ್ ಬಿಸಿನೆಸ್ ಪ್ರೊಫೈಲ್ ಪುಕ್ಕಟೆ. ಅಂಗಡಿ ಇಲ್ಲದಿದ್ದರೆ ಮನೆಯ ವಿಳಾಸ ಮರೆಮಾಡಿ, ಕೆಲಸ ಮಾಡುವ ಪ್ರದೇಶಗಳನ್ನಷ್ಟೇ ಹಾಕಬಹುದು. ಇಂಟರ್‌ನೆಟ್‌ನಿಂದ ತೆಗೆದ ಬಂಗಲೆಯ ಫೋಟೋ ಹಾಕಬೇಡಿ, ನೋಡುವವರಿಗೆ ತಕ್ಷಣ ತಿಳಿಯುತ್ತದೆ. ಗುಳ್ಳೆ ಎದ್ದ ಗೋಡೆ, ಕೆರೆದು ಪುಟ್ಟಿ ಹಚ್ಚಿದ ಗೋಡೆ, ಮುಗಿದ ಗೋಡೆ, ಒಂದೇ ಜಾಗದಿಂದ ಮೂರು ಫೋಟೋ ಹಾಕಿ. ರಿವ್ಯೂ ಕೇಳಬೇಕಾದದ್ದು ಗಿರಾಕಿ ಕೊನೆಯ ಕಂತು ಕೊಟ್ಟು ಗೋಡೆ ನೋಡುತ್ತಾ ನಿಂತಿರುವಾಗ, ಒಂದು ವಾರದ ಮೇಲಲ್ಲ.

ಪ್ರಶ್ನೆ: 50 ರಿವ್ಯೂ ಮಾರುತ್ತಾರೆ, ಕೊಳ್ಳಲೇ?

ಉತ್ತರ: ಬೇಡ. ಗೂಗಲ್ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ನಿಜವಾದ ರಿವ್ಯೂಗಳ ಜೊತೆ ಪ್ರೊಫೈಲೂ ಹೋಗಬಹುದು.

ಪ್ರಶ್ನೆ: ‘ಗೂಗಲ್‌ನಿಂದ ಮಾತಾಡುತ್ತಿದ್ದೇವೆ, ಹಣ ಕಟ್ಟದಿದ್ದರೆ ನಿಮ್ಮ ಪ್ರೊಫೈಲ್ ಬಂದ್’ ಎಂದು ಫೋನ್ ಬರುತ್ತಿದೆ.

ಉತ್ತರ: ಮೋಸ. ಫೋನ್ ಇಡಿ. ‘ಮೊದಲ ಸ್ಥಾನ ಗ್ಯಾರಂಟಿ’ ಎನ್ನುವವರಿಗೂ ಇದೇ ಉತ್ತರ, ಆ ಗ್ಯಾರಂಟಿ ಯಾರೂ ಕೊಡಲಾರರು.

ಪ್ರಶ್ನೆ: ಸೈನ್ಯದ ಅಧಿಕಾರಿ ಎಂದು ಹೇಳಿ ಕೆಲಸ ಒಪ್ಪಿಸಿದರು. ಅಡ್ವಾನ್ಸ್ ಪಡೆಯಲು ಕ್ಯೂಆರ್ ಸ್ಕ್ಯಾನ್ ಮಾಡಿ ಎನ್ನುತ್ತಾರೆ.

ಉತ್ತರ: ನಂಬರು ಆನ್‌ಲೈನ್‌ಗೆ ಬಿದ್ದ ಮೇಲೆ ಇಂಥ ಫೋನು ಬಂದೇ ಬರುತ್ತದೆ. ಹಣ ಪಡೆಯಲು ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಪಿನ್ ಒತ್ತಿದರೆ ಹೋಗುವುದು ನಿಮ್ಮ ಹಣ. ಒತ್ತಿಬಿಟ್ಟಿದ್ದರೆ ಮನೆಯವರೊಡನೆ ಚರ್ಚಿಸುತ್ತಾ ಕೂರಬೇಡಿ, ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.